ಎರಡನೇ ಬಸಿರಿಗೆ ಟಿಟಿ ಒಂದೋ ಎರಡೋ? ತಾಯಿ ಕಾರ್ಡ್ ಕಳೆದುಹೋಗಿದೆ

ಕೇಳಿದವರು:

ನನಗೀಗ ಐದು ತಿಂಗಳು. ಮೊದಲನೇ ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ಆಗ ತುಮಕೂರಿನ ತವರಲ್ಲಿದ್ದೆ, ಧನುರ್ವಾಯು ಬರದಂತೆ ಕೊಡುವ ಟಿಟಿ ಇಂಜೆಕ್ಷನ್ ಎರಡು ಹಾಕಿಸಿಕೊಂಡ ನೆನಪಿದೆ. ಬೆಂಗಳೂರಿನಲ್ಲಿ ಮನೆ ಬದಲಾಯಿಸುವಾಗ ತಾಯಿ ಕಾರ್ಡ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಲ್ಲಿನ ಆಶಾ ಅಕ್ಕ "ಕಾರ್ಡ್ ಇಲ್ಲ ಅಂದ್ರೆ ಎರಡು ಹಾಕಿಸ್ಕೊಳ್ಳಿ" ಅಂತಾರೆ. ನಾನು ತೋರಿಸುವ ಖಾಸಗಿ ಡಾಕ್ಟರ್ "ಒಂದು ಸಾಕು, ಏಳನೇ ತಿಂಗಳಲ್ಲಿ ಬೇರೆ ಒಂದು ಕೊಡ್ತೀನಿ" ಅಂದರು. ಆ ಬೇರೆಯದಕ್ಕೆ ಸಾವಿರದ ಮೇಲೆ ಆಗುತ್ತಂತೆ. ನಮ್ಮತ್ತೆ "ಆರು ಹೆತ್ತಿದ್ದೀನಿ, ಒಂದು ಸೂಜಿನೂ ಚುಚ್ಚಿಸ್ಕೊಂಡಿಲ್ಲ" ಅಂತಾರೆ. ಯಾರ ಮಾತು ಕೇಳಲಿ? ನಿಮಗೆಲ್ಲ ಏನೇನಾಯಿತು, ಹೇಳಿ.

ದಾವಣಗೆರೆಯಿಂದ, ಎರಡು ಮಕ್ಕಳ ಅಮ್ಮ:

ನನ್ನದೂ ಇದೇ ಕಥೆ. ಹೋದ ಬಸಿರಲ್ಲಿ ಎರಡೂ ಆಗಿ ಮೂರು ವರ್ಷ ದಾಟಿಲ್ಲ ಅಂದರೆ ಈ ಸಲ ಒಂದೇ ಒಂದು, ಅದಕ್ಕೆ ಬೂಸ್ಟರ್ ಅಂತಾರೆ. ಮೂರು ವರ್ಷ ದಾಟಿದ್ದರೆ, ಇಲ್ಲವೇ ಲೆಕ್ಕವೇ ಸಿಗದಿದ್ದರೆ, ಮೊದಲಿಂದ ಎರಡು. ಅಂದರೆ ನಿಮ್ಮ ಆಶಾ ಅಕ್ಕ ಹೇಳಿದ್ದೂ ತಪ್ಪಲ್ಲ, ಡಾಕ್ಟರ್ ಹೇಳಿದ್ದೂ ತಪ್ಪಲ್ಲ. ಒಬ್ಬರು ಕಾರ್ಡ್ ನೋಡಿ ಮಾತಾಡುವವರು, ಇನ್ನೊಬ್ಬರು ನಿಮ್ಮ ಬಾಯಿಮಾತು ನಂಬಿದವರು. ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು ಅಂದರೆ ನೀವು ಆ ಮೂರು ವರ್ಷದ ಅಂಚಿನಲ್ಲಿದ್ದೀರಿ. ತಾರೀಕು ಹುಡುಕಿ. ಸೀಮಂತದ ಫೋಟೋ ಫೋನಲ್ಲಿ ಇರುತ್ತಲ್ಲ, ಅದಕ್ಕಿಂತ ಮುಂಚೆಯೋ ಆಮೇಲೆಯೋ ಅಂತ ನೆನಪು ಮಾಡಿಕೊಳ್ಳಿ.

ಮೈಸೂರಿನಿಂದ:

ಕಾರ್ಡ್ ಹೋದರೂ ಲೆಕ್ಕ ಎಲ್ಲೂ ಹೋಗಿರುವುದಿಲ್ಲ. ಮೊದಲು ಹೆಸರು ಬರೆಸಿದ ಆರೋಗ್ಯ ಕೇಂದ್ರದ ಸಿಸ್ಟರ್ ಹತ್ತಿರ ರಿಜಿಸ್ಟರ್ ಇರುತ್ತೆ, ಕಂಪ್ಯೂಟರಿನಲ್ಲಿ ಆರ್‌ಸಿಎಚ್ ನಂಬರ್ ಅಂತ ತಾಯಿ-ಮಗುವಿನ ಲೆಕ್ಕದ್ದು ಒಂದು ಇರುತ್ತೆ. ನಾನು ಬರೀ ಮೊಬೈಲ್ ನಂಬರ್ ಹೇಳಿದೆ, ಹುಡುಕಿ ಕೊಟ್ಟರು. ಅಮ್ಮನಿಗೆ ಹೇಳಿ ಒಂದು ಸಲ ತುಮಕೂರಿನಲ್ಲಿ ವಿಚಾರಿಸಿ.

ರಾಯಚೂರು ಕಡೆಯವರು, ನಿವೃತ್ತ ನರ್ಸ್:

ಅತ್ತೆಯವರ ಮಾತಿಗೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಅವರ ಕಾಲದ್ದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ಟ್ರೈನಿಂಗ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಎಂಟು ದಿನದ ಕೂಸನ್ನು ತಂದರು. ಮನೆಯಲ್ಲೇ ಹೆರಿಗೆ. ಹೊಕ್ಕುಳ ಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು, ಬೇಗ ಒಣಗಲಿ ಅಂತ ಸಗಣಿ ಸುಟ್ಟ ಬೂದಿ ಹಚ್ಚಿದ್ದರು. ಐದು ದಿನ ಚೆನ್ನಾಗಿ ಹಾಲು ಕುಡಿದ ಕೂಸು ಆರನೇ ದಿನ ಮೊಲೆ ಬಾಯಿಗಿಟ್ಟರೆ ಚೀಪುತ್ತಿರಲಿಲ್ಲ. ದವಡೆ ಬಿಗಿದಿತ್ತು. ಕೋಣೆ ಕತ್ತಲೆ ಮಾಡಿ, ಬಾಗಿಲಿಗೆ ದಪ್ಪ ಬಟ್ಟೆ ಕಟ್ಟಿ, ಯಾರೂ ಮಾತಾಡದಂತೆ ನೋಡಿಕೊಂಡೆವು. ಒಂದು ಸ್ಟೀಲ್ ಲೋಟ ಕೆಳಗೆ ಬಿದ್ದರೆ ಸಾಕು, ಕೂಸಿನ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತಿತ್ತು. ಧನುರ್ವಾಯು ಅಂತ ಹೆಸರು ಬಂದದ್ದೇ ಅದಕ್ಕೆ. ಆ ಕೂಸು ಉಳಿಯಲಿಲ್ಲ. ತಾಯಿ ಹತ್ತೊಂಬತ್ತು ವರ್ಷದ ಹುಡುಗಿ, ಒಂದೂ ಸೂಜಿ ತೆಗೆದುಕೊಂಡಿರಲಿಲ್ಲ.

ಹಳೆಯ ಮಂದಿ "ನಮಗೇನಾಗಿದೆ" ಅಂದಾಗ ನಾನು ಜಗಳ ಮಾಡುವುದಿಲ್ಲ. ಉಳಿದವರು ಬಂದು ಹೇಳುತ್ತಾರೆ, ಹೋದವು ಬಂದು ಹೇಳುವುದಿಲ್ಲ, ಅಷ್ಟೇ.

ಈ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ, ದನದ ಕೊಟ್ಟಿಗೆಯಲ್ಲಿ ಯಾವಾಗಲೂ ಇರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗ ಅಲ್ಲ ಇದು. ಹಾಗಾಗಿ "ಎಲ್ಲರೂ ಹಾಕಿಸಿಕೊಂಡಿದ್ದಾರೆ, ನಾನೊಬ್ಬಳು ಬಿಟ್ಟರೇನು" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಊರಿಗೆ ಊರೇ ಹಾಕಿಸಿಕೊಂಡರೂ ನಿಮ್ಮ ಕೂಸಿಗೆ ರಕ್ಷಣೆ ನಿಮ್ಮ ರಕ್ತದಿಂದಲೇ ಹೋಗಬೇಕು. 2015ರಲ್ಲಿ ಭಾರತ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆ ಅಂತ ಘೋಷಣೆ ಆಯಿತು. ಅದರ ಅರ್ಥ ಪ್ರತಿ ಜಿಲ್ಲೆಯಲ್ಲೂ ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆ ಅಂತ. ಮಣ್ಣಿನಿಂದ ರೋಗಾಣು ಹೋಯಿತು ಅಂತ ಅಲ್ಲ.

ಇನ್ನೊಂದು ಮಾತು. ನೀವೆಲ್ಲ ಟಿಟಿ ಟಿಟಿ ಅಂತೀರಿ, ನಾನೂ ಬಾಯಿತಪ್ಪಿ ಅಂತೀನಿ. ಈಗ ಸರ್ಕಾರಿ ಕೇಂದ್ರದಲ್ಲಿ ಕೊಡುವುದು ಟಿಡಿ. ಧನುರ್ವಾಯು ಜೊತೆಗೆ ಗಂಟಲಮಾರಿಗೂ ರಕ್ಷಣೆ. ಅರ್ಧ ಎಂಎಲ್, ತೋಳಿಗೆ, ದುಡ್ಡಿಲ್ಲ. ಎರಡು ಬೇಕಾದವರಿಗೆ ಮೊದಲನೆಯದು ಬಸಿರು ಗೊತ್ತಾದ ಕೂಡಲೇ, ಎರಡನೆಯದು ನಾಲ್ಕು ವಾರ ಬಿಟ್ಟು. ಹೆರಿಗೆಗೆ ಎರಡು ವಾರ ಮುಂಚೆಯಾದರೂ ಕೊನೆಯದು ಆಗಿರಬೇಕು, ಮೈ ಸಿದ್ಧವಾಗಲು ಅಷ್ಟು ದಿನ ಬೇಕು. ಆದರೆ ಒಂಬತ್ತನೇ ತಿಂಗಳಲ್ಲಿ ಮೊದಲ ಸಲ ಬಂದವಳಿಗೂ ನಾವು ಹಾಕಿಯೇ ಕಳಿಸುತ್ತಿದ್ದೆವು.

ಹುಬ್ಬಳ್ಳಿಯಿಂದ:

ಸಿಸ್ಟರ್, ಓದಿ ಮೈ ಜುಮ್ಮೆಂದಿತು. ನಾನು ಬಸಿರಿ ಅಂತ ಗೊತ್ತಾಗುವ ಮುಂಚೆ ಸ್ಕೂಟಿಯಿಂದ ಬಿದ್ದು ಮೊಣಕಾಲು ಕಿತ್ತುಕೊಂಡು ಟಿಟಿ ಹಾಕಿಸಿಕೊಂಡಿದ್ದೆ. ಆಮೇಲೆ ಗೊತ್ತಾಗಿ ಒಂದು ವಾರ ನಿದ್ದೆ ಇಲ್ಲ, ಮಗುವಿಗೆ ಏನಾದರೂ ಆಗಿಬಿಟ್ಟರೆ ಅಂತ. ಏನೂ ಆಗಲಿಲ್ಲ. ಡಾಕ್ಟರ್ ನಕ್ಕು, ಇದರಲ್ಲಿ ಜೀವಂತ ರೋಗಾಣು ಇಲ್ಲವೇ ಇಲ್ಲ, ನಾವೇ ಕೊಡಬೇಕಿದ್ದನ್ನು ನೀನೇ ತಗೊಂಡು ಬಂದಿದ್ದೀಯ ಅಂದರು. ಮೆಡಿಕಲ್ ಶಾಪ್ ಪಕ್ಕದ ಕ್ಲಿನಿಕ್ಕಿನ ಚೀಟಿ ಪರ್ಸಿನಲ್ಲೇ ಇತ್ತು, ತೋರಿಸಿದೆ. ಅದನ್ನೂ ಲೆಕ್ಕಕ್ಕೆ ಹಿಡಿದರು. ಬಿದ್ದು ಗಿದ್ದು ಸೂಜಿ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ.

ಒಬ್ಬರು ಗಂಡಂದಿರು:

ಆ ಸಾವಿರ ರೂಪಾಯಿಯದು ಏನು? ನಮಗೂ ಹೇಳಿದ್ದಾರೆ. ಸುಮ್ನೆ ಬಿಲ್ಲು ಜಾಸ್ತಿ ಮಾಡೋದಕ್ಕಾ?

ಡಲ್ಲಾಸ್‌ನಿಂದ, ಊರು ಶಿವಮೊಗ್ಗ:

ಬಿಲ್ಲಿಗೆ ಅಲ್ಲ ಅಣ್ಣ. ಅದು ಟಿಡ್ಯಾಪ್. ಟಿಡಿಯಲ್ಲಿರುವ ಎರಡರ ಜೊತೆ ನಾಯಿಕೆಮ್ಮಿಗೂ ಸೇರಿಸಿದ್ದು. ಭಾರತದಲ್ಲಿ ಖಾಸಗಿ ಆಸ್ಪತ್ರೆಗಳಲ್ಲಿ ಬೂಸ್ಟ್ರಿಕ್ಸ್ ಅನ್ನುವ ಹೆಸರಲ್ಲಿ ಸಿಗುತ್ತೆ. ಇಲ್ಲಿ ಅಮೆರಿಕದಲ್ಲಿ 27ರಿಂದ 36 ವಾರದ ಒಳಗೆ ಎಲ್ಲಾ ಬಸಿರಿಯರಿಗೂ ಇದನ್ನೇ ಹೇಳುತ್ತಾರೆ. ಅದೂ ಪ್ರತಿ ಬಸಿರಿಗೂ ಹೊಸದಾಗಿ, ಹೋದ ವರ್ಷವೇ ಹಾಕಿಸಿಕೊಂಡಿದ್ದರೂ. ನಾಯಿಕೆಮ್ಮಿನ ರಕ್ಷಣೆ ಬೇಗ ಇಳಿದುಹೋಗುತ್ತಂತೆ. ಹುಟ್ಟಿದ ಮಗುವಿಗೆ ನಾಯಿಕೆಮ್ಮಿನ ಸ್ವಂತ ಲಸಿಕೆ ಶುರುವಾಗುವುದು ಇಲ್ಲಿ ಎರಡನೇ ತಿಂಗಳಿಗೆ, ಊರಲ್ಲಿ ಆರನೇ ವಾರಕ್ಕೆ. ಅಲ್ಲಿಯವರೆಗೆ ಅಮ್ಮ ಕೊಟ್ಟದ್ದೇ ಗತಿ. ದೊಡ್ಡವರಿಗೆ ಬರೀ ಕೆಮ್ಮು ಅನಿಸಿದ್ದು ಅಷ್ಟು ಚಿಕ್ಕ ಮಗುವಿಗೆ ಉಸಿರೇ ನಿಲ್ಲಿಸಬಹುದು. ಬಾಣಂತನಕ್ಕೆ ಊರಿಂದ ಬಂದ ನಮ್ಮಮ್ಮನಿಗೂ ಡಾಕ್ಟರ್ ಹಾಕಿಸಿಕೊಳ್ಳಲು ಹೇಳಿದರು. ಅಮ್ಮ "ನಂಗ್ಯಾಕೆ, ನಾನೇನು ಬಸುರಿನಾ" ಅಂದಳು. ಹಾಕಿಸಿಕೊಂಡಳು.

ಮಂಗಳೂರಿನಿಂದ:

ನನಗೆ ಎರಡು ಬೇಕಿತ್ತು. ಮೊದಲನೆಯದು ಟಿಡಿ ಕೊಟ್ಟು, ಎರಡನೆಯದರ ಜಾಗದಲ್ಲಿ 28ನೇ ವಾರಕ್ಕೆ ಟಿಡ್ಯಾಪ್ ಕೊಟ್ಟರು. ಮೂರು ಚುಚ್ಚಿಸಿಕೊಳ್ಳುವುದು ತಪ್ಪಿತು. ಡಾಕ್ಟರ್ ಹತ್ತಿರ ಕೇಳಿ ನೋಡಿ. ದುಡ್ಡಿಲ್ಲದಿದ್ದರೆ ಸರ್ಕಾರಿ ಟಿಡಿ ಮಾತ್ರ ಬಿಡಬೇಡಿ, ಧನುರ್ವಾಯುವಿಗೆ ಅದು ಏನೂ ಕಡಿಮೆ ಅಲ್ಲ.

ಹಾಸನದಿಂದ:

ಒಂದು ಪ್ರಶ್ನೆ. ನನಗೂ ಏಳನೇ ತಿಂಗಳಿಗೆ ದುಬಾರಿ ಇಂಜೆಕ್ಷನ್ ಅಂತ ಬರೆದಿದ್ದಾರೆ, ಆದರೆ ರಕ್ತದ ಗುಂಪು ನೆಗೆಟಿವ್ ಅಂತ ಕೊಡೋದಂತೆ. ಇದೇನಾ ಅದು?

ರಾಯಚೂರು ಕಡೆಯವರು:

ಅಲ್ಲಮ್ಮಾ. ನಿಮ್ಮದು ಆ್ಯಂಟಿ-ಡಿ. ಅದಕ್ಕೂ ಧನುರ್ವಾಯುವಿಗೂ ಸಂಬಂಧ ಇಲ್ಲ. ಹೆಸರಲ್ಲಿ 'ಡಿ' ಇರುವುದಕ್ಕೆ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಅದು ಹಾಕಿಸಿಕೊಂಡೆ, ಇದು ಬೇಡ ಅಂತ ಬಿಡಬೇಡಿ. ಎರಡೂ ಬೇಕು.

ಚಿತ್ರದುರ್ಗದಿಂದ:

ಎಲ್ಲರೂ ದೊಡ್ಡ ದೊಡ್ಡ ವಿಷಯ ಹೇಳಿದ್ದೀರಿ, ನಾನು ಚಿಕ್ಕದು ಹೇಳುತ್ತೇನೆ. ಬಸಿರಿಯರು ಎಡ ಮಗ್ಗುಲಲ್ಲಿ ಮಲಗಿ ಅಂತಾರೆ ಅಲ್ವಾ? ನನಗೆ ಸೂಜಿ ಹಾಕಿದ್ದೂ ಎಡಗೈಗೆ. ಎರಡು ರಾತ್ರಿ ಆ ಕಡೆ ತಿರುಗಲು ಆಗಲಿಲ್ಲ, ತೋಳು ಕೆಂಪಾಗಿ ಗಟ್ಟಿಯಾಗಿತ್ತು. ಬಲಗೈಗೆ ಹಾಕಿ ಅಂತ ಮೊದಲೇ ಹೇಳಿ. ಒದ್ದೆ ಬಟ್ಟೆ ಇಟ್ಟುಕೊಂಡೆ, ಉಜ್ಜಲಿಲ್ಲ. ಸ್ವಲ್ಪ ಮೈ ಬಿಸಿ ಆಯಿತು, ಡಾಕ್ಟರನ್ನು ಕೇಳಿ ಒಂದು ಪ್ಯಾರಾಸಿಟಮಾಲ್ ತಗೊಂಡೆ. ಬೇರೆ ನೋವಿನ ಮಾತ್ರೆ ನೀವೇ ನುಂಗಲು ಹೋಗಬೇಡಿ. ಮೂರನೇ ದಿನಕ್ಕೆ ಮರೆತೇ ಹೋಗಿತ್ತು.

ದಾವಣಗೆರೆಯಿಂದ:

ಹೌದಲ್ಲ! ನನಗೂ ಎಡಗೈಗೇ ಹಾಕಿದ್ದು. ಆಗ ಹೊಳೆಯಲೇ ಇಲ್ಲ.

ಕೇಳಿದವರು, ಒಂಬತ್ತು ದಿನದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳುತ್ತೇನೆ. ಅಮ್ಮ ತುಮಕೂರಿನ ಕೇಂದ್ರಕ್ಕೆ ಹೋದಳು. ನನ್ನ ನಂಬರಿನಲ್ಲಿ ಸಿಗಲಿಲ್ಲ, ಯಜಮಾನರ ನಂಬರಿನಲ್ಲೂ ಇಲ್ಲ. ಕೊನೆಗೆ ನೋಡಿದರೆ ಆಗ ಅಪ್ಪನ ನಂಬರ್ ಬರೆಸಿದ್ದೆವಂತೆ. ಎರಡೂ ತಾರೀಕು ಸಿಕ್ಕವು. ಎರಡನೆಯದು ಆಗಿ ಎರಡು ವರ್ಷ ಎಂಟು ತಿಂಗಳು. ಆ ಹಾಳೆಯ ಫೋಟೋ ತೋರಿಸಿದ್ದಕ್ಕೆ ಆಶಾ ಅಕ್ಕನೇ "ಹಾಗಿದ್ರೆ ಒಂದೇ ಸಾಕು" ಅಂದರು. ಗುರುವಾರ ಹೋಗಿ ಬೂಸ್ಟರ್ ಹಾಕಿಸಿಕೊಂಡೆ, ಹೊಸ ತಾಯಿ ಕಾರ್ಡಿನಲ್ಲಿ ಬರೆಸಿಕೊಂಡೆ. ಟಿಡ್ಯಾಪ್ 28ನೇ ವಾರಕ್ಕೆ ಅಂತ ಡಾಕ್ಟರ್ ಫೈಲಿನಲ್ಲಿ ಬರೆದಿದ್ದಾರೆ, ಅಷ್ಟರಲ್ಲಿ ದುಡ್ಡು ಹೊಂದಿಸುತ್ತೇವೆ.

ಅತ್ತೆಗೆ ರಾಯಚೂರಿನ ಸಿಸ್ಟರ್ ಬರೆದದ್ದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ಆರು ಹೆತ್ತದ್ದು ನಿಜ, ಎರಡನೆಯದು ಹತ್ತು ದಿನ ಮಾತ್ರ ಇತ್ತು ಅಂತ. ಯಾಕೆ ಹೋಯಿತು ಅಂತ ಆಗ ಯಾರೂ ಹೇಳಲಿಲ್ಲವಂತೆ. ಇದುವರೆಗೆ ಯಜಮಾನರಿಗೂ ಗೊತ್ತಿರಲಿಲ್ಲ. ಗುರುವಾರ ಅವರೇ ನನ್ನ ಜೊತೆ ಬಂದರು.

ಚಿತ್ರದುರ್ಗದ ಅಕ್ಕ, ನೀವು ಹೇಳಿದ ಹಾಗೆ ಬಲಗೈಗೇ ಹಾಕಿಸಿಕೊಂಡೆ. ಮಗಳನ್ನು ಎತ್ತಿಕೊಳ್ಳುವುದು ಬಲಗೈಯಲ್ಲಿ ಅಂತ ಮನೆಗೆ ಬಂದ ಮೇಲೆ ನೆನಪಾಯಿತು.