ಕಾರ್ಡ್, ಆರ್ಪೆಜಿಯೊ: ಮ್ಯಾಂಡೊಲಿನ್ ಪಾಠದ ಹಾಳೆಗೆ ಪದ ಬೇಕು

ಬದಿಯಡ್ಕದಿಂದ:
ಮ್ಯಾಂಡೊಲಿನ್ ಕಲಿಯುವ ಮಕ್ಕಳ ಅಭ್ಯಾಸದ ಹಾಳೆ ಶನಿವಾರ ಅಚ್ಚಿಗೆ ಹೋಗಲಿಕ್ಕುಂಟು. ಕಾರ್ಡ್ (ಒಟ್ಟಿಗೆ ನುಡಿಸುವ ಹಲವು ಸ್ವರ), ಕಾರ್ಡ್ ಪ್ರೋಗ್ರೆಶನ್ (ಒಂದರ ನಂತರ ಒಂದು ಬರುವ ಕಾರ್ಡುಗಳು), ಆರ್ಪೆಜಿಯೊ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವುದು), ಈ ಮೂರಕ್ಕೆ ಕನ್ನಡ ಪದ ಬೇಕು. ವಾಕ್ಯ ಇದು (ಜಿ, ಸಿ, ಡಿ7 ಎಂಬುದು ಕಾರ್ಡುಗಳ ಹೆಸರು): "ಜಿ, ಸಿ, ಡಿ7, ಜಿ, ಒಂದೊಂದಕ್ಕೂ ನಾಲ್ಕು ಎಣಿಕೆ. ಮೊದಲು ಒಟ್ಟಿಗೆ ಮೀಟಿ, ಆಮೇಲೆ ತಂತಿ ತಂತಿ ಬಿಡಿಸಿ." ‘ಕಾರ್ಡ್’ ಎಂದೇ ಬರೆದರೆ ರೇಶನ್ ಕಾರ್ಡಿಗೂ ಅದೇ ಅಕ್ಷರ. ‘ಸ್ವರಮೇಳ’ ಅಥವಾ ‘ಕೂಡುದನಿ’ ಆದೀತೇ?

ಮಂಜೇಶ್ವರದಿಂದ:
ಎರಡೂ ಆಗದು. ಮೇಳ ಎಂದರೆ ಕರ್ನಾಟಕ ಸಂಗೀತದ 72 ಮೇಳಕರ್ತ ರಾಗ. ನಮ್ಮೂರಲ್ಲಿ ಯಕ್ಷಗಾನ ಆಟದ ಮೇಳ. ದನಿ ಎಂಬುದು ಧ್ವನಿಯ ತದ್ಭವ. ಅಚ್ಚಗನ್ನಡದಲ್ಲಿ ‘ಉಲಿ’ ಇರುವಾಗ ಅದೇಕೆ? ಕಾರ್ಡಿಗೆ ಕೂಡುಲಿ, ಆರ್ಪೆಜಿಯೊಕ್ಕೆ ಬಿಡಿಯುಲಿ, ಪ್ರೋಗ್ರೆಶನ್ನಿಗೆ ಕೂಡುಲಿನಡೆ.

ಕುಂಬಳೆಯಿಂದ:
‘ನಡೆ’ ಬೇಡವೇ ಬೇಡ. ತಿಶ್ರನಡೆ, ಖಂಡನಡೆ ಕಲಿತ ಮಗು ಅದನ್ನು ಲಯವೆಂದೇ ತಿಳಿಯುತ್ತದೆ. ‘ಸಾಲು’ ಸಾಕು. ಜಿಯನ್ನು ಷಡ್ಜವೆಂದಿಟ್ಟರೆ ಜಿ ಎಂದರೆ ಸ-ಗ-ಪ, ಸಿ ಎಂದರೆ ಮ-ದ-ಸ, ಡಿ7 ಎಂದರೆ ಪ-ನಿ-ರಿ-ಮ. ಸ್ವರದ ಹೆಸರಿಲ್ಲದೆ ಇದನ್ನು ಹೇಳಲಿಕ್ಕಾಗದು. ಸ್ವರಗುಚ್ಛ ಎನ್ನಿ. ಆರ್ಪೆಜಿಯೊದ ಮೂಲ ಇಟಾಲಿಯನ್ನಿನ ಆರ್ಪ, ಅಂದರೆ ಹಾರ್ಪ್. ಹಾರ್ಪಿನಂತೆ ಸ್ವರ ಬಿಡಿಸುವುದು. ‘ಗುಚ್ಛಾರೋಹ’ ಒಪ್ಪುತ್ತದೆ.

ಮುಳ್ಳೇರಿಯದಿಂದ:
ಮಾಷ್ಟ್ರೇ, ಕೈಯನ್ನೂ ಸ್ವಲ್ಪ ನೋಡಿ. ಮ್ಯಾಂಡೊಲಿನ್ನಿನ 8 ತಂತಿ ಎಂದರೆ 4 ಜೋಡಿ. ಮಂದ್ರದಿಂದ ಜಿ, ಡಿ, ಎ, ಇ. ಜಿ ಗುಚ್ಛಕ್ಕೆ ತೋರುಬೆರಳು ಎ ಜೋಡಿಯ 2ನೇ ಮೆಟ್ಟಿಲಲ್ಲಿ (ಫ್ರೆಟ್), ನಡುಬೆರಳು ಇ ಜೋಡಿಯ 3ರಲ್ಲಿ. ಉಳಿದೆರಡು ಜೋಡಿ ಬಿಟ್ಟ ತಂತಿ, ಅಂದರೆ ಬೆರಳು ಒತ್ತದೆ ಮೀಟುವುದು. ತಂತಿ ತಂತಿ ಬಿಡಿಸಿದರೆ ಕೇಳುವುದು ಸ-ಪ-ಗ-ಸ. ಮೇಲಿನಿಂದ ಕೆಳಗೂ ಬಿಡಿಸುತ್ತಾರೆ. ಆಗ ಆರೋಹ ಎಲ್ಲಿಂದ ಬಂತು?

ಅದೇ ಹಿಡಿತ ಹಾಗೆಯೇ ಒಂದು ಜೋಡಿ ಮಂದ್ರದ ಕಡೆಗೆ ಸರಿದರೆ ಸಿ. ಮಕ್ಕಳು ಎಡವುವುದು ಇಲ್ಲಿ: ಬೆರಳನ್ನು ಒಂದೊಂದಾಗಿ ಎತ್ತಿ ಇಡುತ್ತಾರೆ, ಐದನೇ ಎಣಿಕೆ ತಡವಾಗುತ್ತದೆ. ಎರಡೂ ಬೆರಳು ಒಟ್ಟಿಗೆ ಸರಿಯಬೇಕು. ಡಿ7ಕ್ಕೆ ಮೂರು ಬೆರಳು: ಜಿ 2, ಎ 3, ಇ 2; ಡಿ ಬಿಟ್ಟ ತಂತಿ. ಬಿಡಿಸುವಾಗಲೂ ಹಿಡಿತ ಸಡಿಲಬಾರದು. ಜಿಯಲ್ಲಿ ಗಾಂಧಾರ ಮೀಟಿದ ಕೂಡಲೇ ತೋರುಬೆರಳು ಎದ್ದರೆ ಆ ಸ್ವರ ಅಲ್ಲೇ ಕಡಿದುಹೋಗುತ್ತದೆ, ಗುಚ್ಛ ಕಿವಿಗೆ ಕಟ್ಟುವುದಿಲ್ಲ. ಗುಚ್ಛ, ಗುಚ್ಛದ ಸಾಲು, ಬಿಡಿಮೀಟು ಎಂದು ಬರೆಯಿರಿ. ‘ಮೀಟು’ ಎಂದರೆ ಪಿಕ್ ಹಿಡಿದ ಕೈಗೆ ಕೆಲಸ ತಿಳಿಯುತ್ತದೆ. ‘ಉಲಿ’ ಎಂದರೆ ತಿಳಿಯದು.

ಮಂಜೇಶ್ವರದಿಂದ:
ಬಿಡಿಮೀಟು ಒಳ್ಳೆಯ ಕನ್ನಡ, ಒಪ್ಪಿದೆ. ಅದರ ಪಕ್ಕದಲ್ಲಿ ‘ಗುಚ್ಛ’ ಯಾಕೆ? ‘ಗೊಂಚಲು’ ಇಲ್ಲವೇ? ಗಡಿನಾಡಿನಲ್ಲಿ ಕನ್ನಡ ಓದುವ ಮಕ್ಕಳಿಗೂ ಸಂಸ್ಕೃತವನ್ನೇ ಬಡಿಸಬೇಕೇ?

ಕುಂಬಳೆಯಿಂದ:
ಪಿಟೀಲು, ಹಾರ್ಮೋನಿಯಂ ಇವನ್ನು ಯಾರೂ ಅನುವಾದ ಮಾಡಲಿಲ್ಲ, ಕನ್ನಡ ಬಡವಾಗಲೂ ಇಲ್ಲ. ಸಂಸ್ಕೃತವೂ ಹಾಗೆಯೇ ಬಂದು ನಮ್ಮದಾದದ್ದು.

ಮಂಜೇಶ್ವರದಿಂದ:
ಪಿಟೀಲು ಕನ್ನಡದ ಬಾಯಿಗೆ ತಕ್ಕಂತೆ ರೂಪ ಬದಲಿಸಿಕೊಂಡಿತು. ‘ಗುಚ್ಛ’ ಇವತ್ತಿಗೂ ಒತ್ತಕ್ಷರದೊಡನೆ ಹಾಗೆಯೇ ನಿಂತಿದೆ. ಗೊಂಚಲು ಎಂದೇ ಅಚ್ಚು ಮಾಡಿ.

ಬದಿಯಡ್ಕದಿಂದ:
ಗೊಂಚಲು, ಗೊಂಚಲಸಾಲು, ಬಿಡಿಮೀಟು ಎಂದು ಹಾಕುತ್ತೇನೆ. ಪ್ರತಿ ಗೊಂಚಲಿನ ಕೆಳಗೆ ಸ್ವರವೂ ಮೆಟ್ಟಿಲ ಸಂಖ್ಯೆಯೂ ಇರುತ್ತದೆ.