ಪದಚರ್ಚೆ: ‘ಡೇಟಾ ಮಾರಾಟ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಅರಿವು ಕೇಂದ್ರಕ್ಕೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ನಮ್ಮ ಫೋನ್ ನಂಬರು, ದನಿ, ಮುಖ, ಓಡಾಡಿದ ಜಾಗ, ಇವೆಲ್ಲ ಯಾರಿಗೆ ಸೇರಿದ್ದು? ನಾವೇ ಮಾರಿ ದುಡ್ಡು ಮಾಡಿಕೊಳ್ಳಬಹುದಾ? ಇದು ವಿಷಯ. ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲು ‘ಡೇಟಾ’. ಊರಲ್ಲಿ ಡೇಟಾ ಅಂದರೆ ರೀಚಾರ್ಜ್. ‘ಇವತ್ತಿನ ಡೇಟಾ ಮುಗೀತು’ ಅಂತಾರೆ. ‘ನಿಮ್ಮ ಡೇಟಾ ಮಾರಬಹುದು’ ಅಂತ ಬರೆದರೆ ಉಳಿದ ಜಿಬಿ ಮಾರೋದು ಅಂದುಕೊಳ್ಳುತ್ತಾರೆ. ‘ದತ್ತಾಂಶ’ ಪತ್ರಿಕೆ ಓದುವವರಿಗೆ ಮಾತ್ರ ಗೊತ್ತು. ‘ಮಾಹಿತಿ’ ಸಲೀಸಾದ ಪದ, ಆದರೆ ‘ಮಾಹಿತಿ ಹಕ್ಕು’ ಅಂದ ತಕ್ಷಣ 2005ರ ಕಾಯ್ದೆ, ಪಂಚಾಯಿತಿಗೆ ಹಾಕುವ ಅರ್ಜಿ ನೆನಪಾಗುತ್ತದೆ. ‘ಮಾಹಿತಿದಾರ’ ಅಂದರಂತೂ ಪೊಲೀಸರಿಗೆ ಸುಳಿವು ಕೊಡುವವನು. ಸದ್ಯಕ್ಕೆ ‘ಸ್ವಂತ ವಿವರ’ ಅಂತ ಹಾಕಿದ್ದೇನೆ. ‘ಅರ್ಜಿದಾರರ ವಿವರ’ ಅಂತ ಎಲ್ಲರೂ ತುಂಬಿರುತ್ತಾರೆ, ಅಲ್ವಾ?

ಆಮೇಲೆ ‘ಮಾಲೀಕ’. ಬಳಕೆದಾರರೇ ತಮ್ಮ ವಿವರಗಳ ಒಡೆಯರು, ಕಂಪನಿಗಳು ಬರೀ ಕಾಪಾಡುವವರು ಅಂತ 2018ರಲ್ಲಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಶಿಫಾರಸು ಮಾಡಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಡೆತನದ ದಾರಿ ಹಿಡಿಯಲಿಲ್ಲ. ಅದರಲ್ಲಿ ನಾವು ‘ಡೇಟಾ ಪ್ರಿನ್ಸಿಪಲ್’, ಅಂದರೆ ವಿವರ ಯಾರದೋ ಅವರು; ಕಂಪನಿ ‘ಡೇಟಾ ಫಿಡ್ಯೂಶಿಯರಿ’, ಅಂದರೆ ಅದನ್ನು ಯಾಕೆ, ಹೇಗೆ ಬಳಸೋದು ಅಂತ ತೀರ್ಮಾನಿಸುವವರು. ಒಪ್ಪಿಗೆ ಕೊಡಬಹುದು, ವಾಪಸ್ ತೆಗೆದುಕೊಳ್ಳಬಹುದು, ತಿದ್ದಿಸಬಹುದು, ಅಳಿಸಿ ಅನ್ನಬಹುದು. ಮಾರುವ ಹಕ್ಕು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ‘ಮಾಲೀಕ’ ಅಂತ ಬರೆದರೆ ಕಾಯ್ದೆ ಕೊಡದೇ ಇರುವುದನ್ನು ನಾನು ಕೊಟ್ಟಂತಾಗುತ್ತದೆ. ‘ಹಕ್ಕುದಾರ’ ಸಾಕು ಅನ್ನಿಸುತ್ತದೆ.

ನನಗೆ ಜಾಸ್ತಿ ತೊಡಕಾಗಿರುವುದು ‘ಮಾರು’. ಹಸು ಮಾರಿದರೆ ಅದು ಕೊಟ್ಟಿಗೆ ಬಿಟ್ಟು ಹೋಗುತ್ತದೆ. ದನಿ ಕೊಟ್ಟರೆ ದನಿ ನಮ್ಮಲ್ಲೇ ಇರುತ್ತದೆ, ಅದರ ರೆಕಾರ್ಡಿಂಗ್ ಮಾತ್ರ ಹತ್ತು ಕಡೆ ಹೋಗಬಹುದು. ಕಂಪ್ಯೂಟರಿಗೆ ಭಾಷೆ ಕಲಿಸಲು ಬೇಕಾದ ರೆಕಾರ್ಡಿಂಗ್ ಸಂಗ್ರಹಿಸುವ ಬೆಂಗಳೂರಿನ ‘ಕಾರ್ಯ’ ಸಂಸ್ಥೆಯ ಕೆಲಸ ನೋಡಿ. ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಜನ ಫೋನ್ ಹಿಡಿದು ಕನ್ನಡದ ವಾಕ್ಯಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಟ್ಟರು. ಗಂಟೆಗೆ ಸುಮಾರು 5 ಡಾಲರ್. ಅದೇ ರೆಕಾರ್ಡಿಂಗ್ ಮತ್ತೊಬ್ಬರಿಗೆ ಮಾರಾಟವಾದರೆ ಓದಿದವರಿಗೆ ಇನ್ನೊಮ್ಮೆ ಹಣ ಕೊಡುವುದು ಆ ಸಂಸ್ಥೆಯ ಪದ್ಧತಿ.

ಮೊದಲ ಸಲ ಸಿಗುವುದನ್ನು ಕೂಲಿ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಎರಡನೇ ಸಲದ್ದಕ್ಕೆ ಏನನ್ನೋಣ? ‘ರಾಯಧನ’ ಅಂದರೆ ಗಣಿಯ ಸುದ್ದಿ ಅಂದುಕೊಳ್ಳುತ್ತಾರೆ. ‘ಗೌರವಧನ’ ಬೇಡವೇ ಬೇಡ. ಅಂಗನವಾಡಿ, ಆಶಾ ಕಾರ್ಯಕರ್ತೆಯರ ದುಡಿಮೆಗೆ ಆ ಹೆಸರಿಟ್ಟು, ಸಂಬಳ ಅನ್ನಿಸಿಕೊಳ್ಳಲು ಅವರು ಎಷ್ಟು ವರ್ಷದಿಂದ ಬೀದಿಗಿಳಿಯುತ್ತಿದ್ದಾರೆ ಅಂತ ನೋಡಿದ್ದೇವೆ. ಹಕ್ಕಿನಿಂದ ಬರುವ ದುಡ್ಡಿಗೆ ದಯೆಯ ಹೆಸರು ಯಾಕೆ? ‘ಪಾಲು’ ನೇರವಾಗಿದೆ. ‘ಮತ್ತೆ ಮಾರಾಟವಾದರೆ ನಿಮಗೂ ಪಾಲು ಬರುತ್ತದೆ’ ಅಂದರೆ ವಿವರಿಸುವುದೇ ಬೇಡ.

ಉಳಿದದ್ದು ಕ್ರಿಯಾಪದ. ಒಡೆತನ ಬಿಟ್ಟುಕೊಡದೆ, ಬೇಕಾದಾಗ ಬಿಡಿಸಿಕೊಳ್ಳುವ ಹಾಗೆ ಕೊಡುವುದಕ್ಕೆ ಜಮೀನಿನ ಮಾತಿನಲ್ಲಿ ಪದಗಳಿವೆ. ಕರಾವಳಿಯ ‘ಚಾಲಗೇಣಿ’ ನೆನಪಾಯಿತು, ಆದರೆ ಗೇಣಿ ಅಂದ ಕೂಡಲೇ ಒಡೆಯ-ಒಕ್ಕಲು ಕಣ್ಣಮುಂದೆ ಬರುತ್ತಾರೆ. ‘ಬಾಡಿಗೆಗೆ ಕೊಡು’ ಸಪ್ಪೆ, ಆದರೂ ತಪ್ಪಿಲ್ಲ. ‘ಬಳಸಲು ಬಿಡು’ ಅಂದರೆ ದುಡ್ಡಿನ ಮಾತೇ ಬರುವುದಿಲ್ಲ.

2023ರ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಓದುವ ಅವಕಾಶ ಕೊಡಬೇಕು. ಅಂದರೆ ಕನ್ನಡದಲ್ಲೂ. ಕಂಪನಿಗಳು ಸುಮ್ನೆ ಯಂತ್ರಾನುವಾದ ಹಾಕಿ, ಅದೇ ರೂಢಿಗೆ ಬರುವ ಮೊದಲು ನಮ್ಮ ಹತ್ತಿರ ಒಳ್ಳೆ ಪದಗಳಿರಬೇಕು. ಉತ್ತರ ಕರ್ನಾಟಕದವರು ಹೊಲ ಲಾವಣಿಗೆ ಕೊಡುವಾಗ, ಕಲ್ಯಾಣ ಕರ್ನಾಟಕದ ಕಡೆ ಎತ್ತು, ಗಾಡಿ ಕೊಡುವಾಗ ಏನು ಹೇಳುತ್ತೀರಿ? ವಾಕ್ಯದ ಸಮೇತ ಬರೆಯಿರಿ.