ಲ್ಯಾಬಿಂದ ಸೆಫ್ ಮೌಂಟ್ ಆಗ್ತಿಲ್ಲ, ಅನುಭವ ಇದ್ದವರು ಹೇಳ್ರಿ

ಕೊಪ್ಪಳದಾಗ ಒಂದು ಕಾಲೇಜಿನ ಲ್ಯಾಬ್ ನೋಡ್ಕೊಳ್ತೀನಿ. ಮೂರು ಸರ್ವರ್ ಸೇರಿಸಿ ಸೆಫ್ (ಹಲವು ಸರ್ವರಿನ ಡಿಸ್ಕ್ ಒಂದಾಗಿ ಬಳಸೋ ಸ್ಟೋರೇಜ್ ಸಾಫ್ಟ್‌ವೇರ್) ಕ್ಲಸ್ಟರ್ ಮಾಡೀವಿ. ಒಂದೊಂದಕ್ಕೂ ಎರಡು ನೆಟ್‌ವರ್ಕ್ ಕಾರ್ಡ್: ಪಬ್ಲಿಕ್ 10.10.10.0/24, ಕ್ಲಸ್ಟರ್ 10.10.20.0/24. ಲ್ಯಾಬ್ ಬೇರೆ ಕಟ್ಟಡದಾಗ, 192.168.50.0/24. ಲ್ಯಾಬಿನ ಲಿನಕ್ಸ್ ಮಷೀನಿಂದ ‘ಸೆಫ್ -ಎಸ್’ (ಕ್ಲಸ್ಟರಿನ ಸ್ಥಿತಿ ತೋರಿಸೋ ಕಮಾಂಡ್) ಕೊಟ್ರೆ ಹೆಲ್ತ್ ಓಕೆ ಅಂತದ. ಮೌಂಟ್ ಮಾಡಿದ್ರೆ (ಆ ಸ್ಟೋರೇಜನ್ನ ಫೋಲ್ಡರಿನಂಗೆ ಜೋಡಿಸಿದ್ರೆ) ಅಲ್ಲೇ ನಿಂತುಬಿಡ್ತದ. ಎಲ್ಲಿಂದ ಹುಡುಕಲಿ?

ಬಳ್ಳಾರಿಯಿಂದ: ‘ಸೆಫ್ -ಎಸ್’ ನಂಬಬ್ಯಾಡ್ರಿ ಸರ್. ಅದಕ್ಕೆ ಉತ್ತರ ಕೊಡೋದು ಮಾನಿಟರ್ (ಕ್ಲಸ್ಟರಿನ ಲೆಕ್ಕ ಇಡೋ ಪ್ರೋಗ್ರಾಂ), ಮೂರರಾಗ ಒಂದು ಸಿಕ್ಕರೂ ಸಾಕು. ಡೇಟಾ ಮಾನಿಟರ್ ಮೂಲಕ ಹರಿಯೋದಿಲ್ಲ. ಯಾವ ಡಿಸ್ಕ್ ಎಲ್ಲೈತಿ ಅನ್ನೋ ಮ್ಯಾಪ್ ತಗೊಂಡು ಕ್ಲೈಂಟ್ ನೇರವಾಗಿ ಎಂಡಿಎಸ್ (ಫೈಲ್ ಹೆಸರು, ಫೋಲ್ಡರಿನ ಲೆಕ್ಕ ಇಡೋದು) ಮತ್ತು ಪ್ರತಿ ಓಎಸ್‌ಡಿ (ಒಂದೊಂದು ಡಿಸ್ಕ್ ನೋಡ್ಕೊಳ್ಳೋದು) ಹತ್ರ ಹೋಗತೈತಿ. ಮಾನಿಟರಿನ ಪೋರ್ಟ್ 3300, 6789 ಮಾತ್ರ ಫೈರ್‌ವಾಲ್‌ನಾಗ ಓಪನ್ ಮಾಡಿದ್ರೆ ನೀವು ಹೇಳಿದ ಹಂಗೇ ಆಗತೈತಿ. 6800ರಿಂದ 7568ರವರೆಗೂ (ಹಳೇ ವರ್ಷನ್‌ಗಳಿಗೆ 7300ರವರೆಗೆ ಸಾಕು) ಓಪನ್ ಮಾಡ್ರಿ, ಮೂರೂ ಸರ್ವರ್‌ನಾಗ. ಇನ್ನ ಕ್ಲಸ್ಟರ್ ನೆಟ್‌ವರ್ಕ್ 10.10.20ಕ್ಕೆ ಲ್ಯಾಬಿಂದ ರೂಟ್ (ದಾರಿ) ಹಾಕಾಕ ಹೋಗಬ್ಯಾಡ್ರಿ. ಅದು ಓಎಸ್‌ಡಿಗಳು ತಮ್ಮತಮ್ಮೊಳಗೆ ಪ್ರತಿ ಮಾಡ್ಕೊಳ್ಳಾಕ ಇರೋದು, ಕ್ಲೈಂಟಿಗೆ ಅಲ್ಲಿ ಕೆಲಸ ಇಲ್ಲ.

ರಾಯಚೂರಿನಿಂದ: ಪೋರ್ಟ್ ಸರಿ ಇದ್ರೆ ಹಿಂತಿರುಗೋ ದಾರಿ ನೋಡ್ರಿ. ಹೋಗೋ ದಾರಿ ಎಲ್ಲರೂ ನೋಡ್ತಾರ, ಬರೋದು ಯಾರೂ ನೋಡೋದಿಲ್ಲ. ಒಂದೊಂದು ಸರ್ವರ್‌ನಾಗೂ ‘ಐಪಿ ರೂಟ್ ಗೆಟ್ 192.168.50.25’ ಕೊಡ್ರಿ (ಆ ಜಾಗಕ್ಕೆ ಲ್ಯಾಬಿನ ಯಾವುದಾದರೂ ಮಷೀನಿನ ನಂಬರ್). ಪಬ್ಲಿಕ್ ಕಾರ್ಡಿನ ಹೆಸರೇ ಬರಬೇಕು. ಬೇರೆ ಕಾರ್ಡ್ ತೋರಿಸಿದ್ರೆ, ಒಂದು ಕಡೆಯಿಂದ ಬಂದ ಪ್ಯಾಕೆಟ್‌ಗೆ ಇನ್ನೊಂದು ಕಡೆಯಿಂದ ಉತ್ತರ ಹೋಗಬೇಕು ಅಂತ ಅರ್ಥ. ಆರ್‌ಪಿ ಫಿಲ್ಟರ್ (ಪ್ಯಾಕೆಟ್ ಸರಿಯಾದ ಕಾರ್ಡಿಗೆ ಬಂತಾ ಅಂತ ನೋಡೋ ಲಿನಕ್ಸ್ ಸೆಟ್ಟಿಂಗ್) 1 ಇದ್ರಂತೂ ಬಂದ ಪ್ಯಾಕೆಟ್ಟೇ ಸದ್ದಿಲ್ಲದೆ ಬಿದ್ದುಹೋಗ್ತದ; ಟಿಸಿಪಿಡಂಪ್‌ನಾಗ (ಪ್ಯಾಕೆಟ್ ತೋರಿಸೋ ಕಮಾಂಡ್) ಬರೋದು ಕಾಣ್ತದ, ಉತ್ತರ ಮಾತ್ರ ಕಾಣೋದಿಲ್ಲ.

ಕೊಪ್ಪಳದವರು: ಸಿಕ್ತು ಸರ್! ಪೋರ್ಟ್ ಎಲ್ಲಾ ಓಪನ್ನೇ ಇದ್ದವು. ಎರಡು ಸರ್ವರ್ ಸರಿ, ಮೂರನೇದರಾಗ ಕ್ಲಸ್ಟರ್ ಕಾರ್ಡಿಗೆ ಗೇಟ್‌ವೇ (ಹೊರಗೆ ಹೋಗೋ ದಾರಿ) ಐತಿ. ಚಾಲ್ತಿಯಾಗಿರೋ ಎಂಡಿಎಸ್ ಸಹ ಅದರ ಮ್ಯಾಲೇ ಕೂತದ. ಆ ಗೇಟ್‌ವೇ ತೆಗೆದು, 192.168.50.0/24ಕ್ಕೆ 10.10.10.1 ಮೂಲಕ ರೂಟ್ ಹಾಕಿದ ಕೂಡಲೇ ಮೌಂಟ್ ಆಯ್ತು.

ರಾಯಚೂರಿನಿಂದ: ಕಮಾಂಡಿನಾಗ ಹಾಕಿದ ರೂಟ್ ರೀಬೂಟ್ ಆದ್ರ ಉಳಿಯೋದಿಲ್ಲ. ನೆಟ್‌ಪ್ಲಾನ್ ಅಥವಾ ಎನ್‌ಎಂಸಿಎಲ್‌ಐನಾಗ (ನೆಟ್‌ವರ್ಕ್ ಸೆಟ್ಟಿಂಗ್ ಕಾಯಂ ಉಳಿಸೋ ಟೂಲ್‌ಗಳು) ಬರೆದಿಡ್ರಿ, ನಮ್ಮ ಕಡೆ ಕರೆಂಟ್ ನಿಮಗ ಗೊತ್ತದಲ್ಲ. ಹಂಗೇ, ಜಂಬೊ ಫ್ರೇಮ್ (ದೊಡ್ಡ ಪ್ಯಾಕೆಟ್) 9000 ಬೈಟ್ ಇಟ್ಟಿದ್ರೆ ಸ್ವಿಚ್ಚಿನಾಗೂ ಇರಬೇಕು. ಸರ್ವರ್‌ನಿಂದ ಸರ್ವರ್‌ಗೆ ‘ಪಿಂಗ್ -ಎಂ ಡು -ಎಸ್ 8972’ (ಎಂ ದೊಡ್ಡಕ್ಷರ; ಪ್ಯಾಕೆಟ್ ಒಡೆಯದೆ ಕಳಿಸೋದು) ಹೋದರೆ ಸರಿ. ಸಾದಾ ಪಿಂಗ್ ಹೋಗ್ತದ ಅಂತ ಬಿಡಬ್ಯಾಡ್ರಿ.

ಬಳ್ಳಾರಿಯಿಂದ: ಮೌಂಟ್ ಆತು ಅಂತ ಲ್ಯಾಬ್ ಮಷೀನ್‌ಗಳಿಗೆ ಅಡ್ಮಿನ್ ಕೀರಿಂಗ್ (ಎಲ್ಲಾ ಅಧಿಕಾರ ಇರೋ ಕೀ ಫೈಲ್) ಕಾಪಿ ಮಾಡಿಬಿಟ್ಟೀರಿ ಮತ್ತ! ಯಾವನಾದರೂ ಹುಡುಗ ಡೇಟಾ ಇರೋ ಪೂಲನ್ನೇ ಅಳಿಸಿಬಿಟ್ಟಾನು. ‘ಸೆಫ್ ಎಫ್‌ಎಸ್ ಆಥರೈಸ್’ ಕೊಟ್ಟು, ಒಂದು ಫೋಲ್ಡರಿಗಷ್ಟೇ ಓದು-ಬರಹದ ಅನುಮತಿ ಇರೋ ಬೇರೆ ಯೂಸರ್ ಮಾಡ್ರಿ. ವಿಂಡೋಸ್ ಮಷೀನ್‌ಗಳಿದ್ರೆ ಮಧ್ಯದಾಗ ಒಂದು ಸಾಂಬಾ ಗೇಟ್‌ವೇ (ವಿಂಡೋಸ್‌ಗೆ ಫೈಲ್ ಹಂಚೋ ನಡುವಿನ ಸರ್ವರ್) ಇಡೋದು ವಾಸಿ. ಅವಕ್ಕ ಪೋರ್ಟ್ 445 ಒಂದೇ ಸಾಕು, ಓಎಸ್‌ಡಿ ಕಾಣೋದೇ ಬ್ಯಾಡ. ಆದರ ಆ ಗೇಟ್‌ವೇ ಬಿದ್ರೆ ಲ್ಯಾಬ್ ಪೂರಾ ನಿಂತಂಗೇ.

ಇನ್ನೊಬ್ಬರು, ರಾಯಚೂರು: ಎನ್‌ಎಫ್‌ಎಸ್ (ಲಿನಕ್ಸ್‌ನ ಫೈಲ್ ಹಂಚಿಕೆ) ಗೇಟ್‌ವೇ ಇಡೋದಾದ್ರೆ ರೂಟ್ ಸ್ಕ್ವಾಷ್ (ಕ್ಲೈಂಟಿನ ರೂಟ್ ಯೂಸರಿಗೆ ಅಧಿಕಾರ ಕೊಡದ ಸೆಟ್ಟಿಂಗ್) ಇದೆ ಅಂತ ನಿಶ್ಚಿಂತರಾಗಬೇಡಿ. ಅದು ರೂಟ್ ಯೂಸರ್ (ಮಷೀನಿನ ಪೂರ್ಣ ಅಧಿಕಾರಿ; ದಾರಿಯ ರೂಟ್ ಅಲ್ಲ) ಒಬ್ಬನನ್ನೇ ತಡೆಯೋದು. ಲ್ಯಾಬ್ ಮಷೀನಿನಲ್ಲಿ ರೂಟ್ ಪಾಸ್‌ವರ್ಡ್ ಗೊತ್ತಿರುವ ಹುಡುಗ ಬೇರೆಯವರ ಯೂಸರ್ ಐಡಿ ಹಾಕಿಕೊಂಡು ಅವರ ಫೈಲ್ ತೆಗೆಯಬಹುದು. ಕೆರ್ಬೆರೋಸ್ (ಯೂಸರ್ ನಿಜವಾಗಿ ಯಾರು ಅಂತ ಪರೀಕ್ಷಿಸೋ ವ್ಯವಸ್ಥೆ) ಹಾಕಿ, ಇಲ್ಲವೇ ರೂಟ್ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ.